ಆಪಾಗೆ ಕುರ್ಚಿ ಯಾವಾಗ?

“ಅಮೆರಿಕದಲ್ಲಿ ಎಲ್ಲ ಮಕ್ಕಳೂ ಇಂಗ್ಲಿಷಿನಲ್ಲೇ ಓದುತ್ತಾರೆ. ಅಲ್ಲಿ ಮನೆಮಾತು, ಶಾಲೆಮಾತು ಎಂಬ ಜಗಳವೇ ಇಲ್ಲ. ನೀವು ಉರ್ದು ಉರ್ದು ಅಂತ ಹಿಡಿದುಕೊಂಡು ಕೂತದ್ದಕ್ಕೇ ಹಿಂದೆ ಬಿದ್ದಿದ್ದೀರಿ.”

ಈ ಮಾತನ್ನು ಹೇಳಿದವರು ಹೊರಗಿನವರಲ್ಲ, ನಮ್ಮವರೇ. ಶಾಲೆ ನಡೆಸುವ ಸಂಸ್ಥೆಯೊಂದರ ಪದಾಧಿಕಾರಿಗಳು. ಮಗನನ್ನು ನೋಡಲು ಎರಡು ಸಲ ಅಮೆರಿಕಕ್ಕೆ ಹೋಗಿ ಬಂದವರು. ವಾರ್ಷಿಕೋತ್ಸವದ ವೇದಿಕೆಯಲ್ಲಿ ಅವರು ಹೀಗೆಂದಾಗ ಸಭೆ ಚಪ್ಪಾಳೆ ತಟ್ಟಿತು. ಮುಖ್ಯ ಅತಿಥಿಗಳೆಂದು ಹಾರ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿದ್ದ ನಾವು ಸೌಜನ್ಯಕ್ಕೆ ಕಟ್ಟುಬಿದ್ದು ಸುಮ್ಮನಿದ್ದೆವು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಅಮೆರಿಕವನ್ನು ಉದಾಹರಣೆಗೆ ಕರೆಯುವುದೇ ಆದರೆ ಅದನ್ನು ಪೂರ್ತಿಯಾಗಿ ಕರೆಯಬೇಕು. ಅಲ್ಲಿನ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಸರಿಯಾಗಿ ಬಾರದ, ಇಂಗ್ಲಿಷನ್ನು ಇನ್ನೂ ಕಲಿಯುತ್ತಿರುವ ಮಕ್ಕಳೆಂದು ದಾಖಲಾದವರು 50 ಲಕ್ಷಕ್ಕೂ ಹೆಚ್ಚು. ಅಂದರೆ ಹತ್ತರಲ್ಲಿ ಒಂದು ಮಗು. ಇವರಲ್ಲಿ ಮುಕ್ಕಾಲು ಪಾಲು ಮಕ್ಕಳ ಮನೆಮಾತು ಸ್ಪ್ಯಾನಿಷ್. ಅದರ ನಂತರದ ಸ್ಥಾನದಲ್ಲಿರುವ ಭಾಷೆ ಯಾವುದು ಗೊತ್ತೆ? ಅರಬ್ಬಿ. ಇನ್ನು ಮಿನೆಸೋಟಾ ರಾಜ್ಯಕ್ಕೆ ಹೋದರೆ ಇಂಗ್ಲಿಷ್ ಬಿಟ್ಟು ಮಕ್ಕಳ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಭಾಷೆಗಳು ಸ್ಪ್ಯಾನಿಷ್, ಸೊಮಾಲಿ, ಹ್ಮಾಂಗ್ ಮತ್ತು ಕರೆನ್. ಜಗಳ ಇಲ್ಲವಂತೆ! ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಆ ದೇಶ ಇದೇ ಜಗಳವನ್ನು ಕೋರ್ಟಿನಲ್ಲಿ, ಮತಪೆಟ್ಟಿಗೆಯಲ್ಲಿ, ಬೀದಿಯಲ್ಲಿ ಆಡುತ್ತಲೇ ಇದೆ.

ಸಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ಮನೆಮಾತಿನ ಸುಮಾರು 1,800 ಮಕ್ಕಳು ಪಾಠ ಒಂದಕ್ಷರವೂ ತಿಳಿಯದೆ ತರಗತಿಯಲ್ಲಿ ಕೂತು ಎದ್ದು ಬರುತ್ತಿದ್ದರು. ತಂದೆತಾಯಿಯರು ಕೋರ್ಟಿಗೆ ಹೋದರು. ಲಾವ್ ವಿರುದ್ಧ ನಿಕೋಲ್ಸ್ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 1974ರ ಜನವರಿ 21ರಂದು ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದ ತೀರ್ಪು ಕೊಟ್ಟಿತು. ಎಲ್ಲರಿಗೂ ಒಂದೇ ಪುಸ್ತಕ, ಒಬ್ಬರೇ ಮೇಷ್ಟರು, ಒಂದೇ ಕಟ್ಟಡ ಕೊಟ್ಟ ಮಾತ್ರಕ್ಕೆ ಸಮಾನತೆ ಕೊಟ್ಟಂತಾಗುವುದಿಲ್ಲ, ಭಾಷೆ ತಿಳಿಯದ ಮಗುವಿಗೆ ಆ ಪಾಠದ ಬಾಗಿಲು ಮುಚ್ಚಿದಂತೆಯೇ ಎಂಬುದು ಅದರ ತಿರುಳು. ಆದರೆ ಬಾಗಿಲು ತೆರೆಯುವುದು ಹೇಗೆ ಎಂಬುದನ್ನು ಕೋರ್ಟು ಶಾಲೆಗಳಿಗೇ ಬಿಟ್ಟಿತು. ಅಲ್ಲಿಂದಲೇ ನಮ್ಮ ಕತೆ ಶುರುವಾಗುತ್ತದೆ.

ಮಗುವಿನ ಭಾಷೆಯೂ ಗೊತ್ತಿರುವ, ಶಿಕ್ಷಕರ ಲೈಸೆನ್ಸೂ ಇರುವ ಜನ ಬೇಕಾಗಿತ್ತು. ಅಂಥವರು ಸಾಕಷ್ಟು ಇರಲಿಲ್ಲ. ಇದ್ದವರು ಯಾರು? ಅದೇ ಕೇರಿಯ ತಾಯಂದಿರು, ಚಿಕ್ಕಮ್ಮಂದಿರು. ಇವರನ್ನು ‘ಸಹಾಯಕಿ’ ಎಂಬ ಹೆಸರಿನಲ್ಲಿ ಗಂಟೆಗಿಷ್ಟು ಎಂಬ ಕೂಲಿಯ ಮೇಲೆ ತಂದು ತರಗತಿಯ ಹಿಂದಿನ ಸಾಲಿನಲ್ಲಿ ಕೂರಿಸಲಾಯಿತು. ಮುಂದೆ ಲೈಸೆನ್ಸಿರುವ ಮೇಡಂ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಾರೆ. ಹಿಂದೆ ಸಹಾಯಕಿ ನಾಲ್ಕಾರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅದನ್ನೇ ಪಿಸುಮಾತಿನಲ್ಲಿ ಮಗುವಿನ ಭಾಷೆಗೆ ಇಳಿಸುತ್ತಾಳೆ. ಸಂಬಳ, ಗೌರವ, ಫೋಟೊ ಮುಂದಿನವರಿಗೆ.

ಈ ಹಿಂದಿನ ಸಾಲು ನಮಗೆ ಹೊಸದಲ್ಲ. ನಾವು ನಾಲ್ಕನೆಯ ಇಯತ್ತೆವರೆಗೆ ಉರ್ದು ಶಾಲೆಯಲ್ಲಿ ಕಲಿತು ಐದಕ್ಕೆ ಕನ್ನಡ ಶಾಲೆಗೆ ಬಂದವರು. ಮೊದಲ ವಾರವೇ ಗಣಿತದ ಮೇಷ್ಟರು ಬೋರ್ಡಿನ ಮೇಲೆ ‘ವ್ಯವಕಲನ’ ಎಂದು ಬರೆದರು. ನಮ್ಮ ಪಾಲಿಗೆ ಅದು ಯಾವುದೋ ಋಷಿಯ ಹೆಸರಿನ ಹಾಗೆ ಕೇಳಿಸಿತು. ಜಮಾ, ತಫ್ರೀಕ್, ಜರಬ್, ತಕ್ಸೀಮ್ ನಾಲ್ಕೂ ನಮಗೆ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದವು. ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ ಎಂದೊಡನೆ ನಾವು ಸೊನ್ನೆ. ಮೇಷ್ಟರು ನಮ್ಮನ್ನು ದಡ್ಡರ ಬೆಂಚಿಗೆ ಕಳಿಸಿದರು. ಅವರು ಕೆಟ್ಟವರೇನಲ್ಲ. ನಮ್ಮ ತಲೆಯೊಳಗೆ ಏನಿದೆ ಎಂದು ನೋಡುವ ಕಿಟಕಿ ಅವರಲ್ಲಿರಲಿಲ್ಲ, ಅಷ್ಟೆ.

ಆ ಶಾಲೆಯಲ್ಲಿ ಗಂಟೆ ಬಾರಿಸಿ, ಕಸ ಗುಡಿಸಿ, ಮಡಕೆಗೆ ನೀರು ತುಂಬುವ ಹೆಂಗಸೊಬ್ಬರಿದ್ದರು. ಹಿಂದೂ ಮಕ್ಕಳೂ ಅವರನ್ನು ಆಪಾ ಎಂದೇ ಕರೆಯುತ್ತಿದ್ದರು. ದಡ್ಡರ ಬೆಂಚಿನ ಪಕ್ಕ ಕಸಬರಿಗೆ ಹಿಡಿದು ನಿಂತ ಅವರು, “ಅರೆ, ವ್ಯವಕಲನ ಬೋಲೆ ತೋ ತಫ್ರೀಕ್ ರೇ ಬೇಟಾ, ಇಸ್‌ಮೆ ಕಾ ಡರ್!” ಎಂದರು. ಅಂದು ನಮಗೆ ಗಣಿತವೂ ಬಂತು, ಕನ್ನಡವೂ ಬಂತು. ಇಂದು ನಾವು ಕನ್ನಡದಲ್ಲಿ ಕತೆ ಬರೆಯುತ್ತೇವೆ, ಸಭೆಗಳಿಗೆ ಹೋಗಿ ಹಾರ ಹಾಕಿಸಿಕೊಳ್ಳುತ್ತೇವೆ. ಆಪಾ ಗಂಟೆ ಬಾರಿಸುತ್ತಲೇ ಮುದುಕಿಯಾದರು. ಅವರು ಏಳನೆಯವರೆಗೆ ಓದಿದ್ದರು ಎಂಬುದು ನಮಗೆ ತಿಳಿದದ್ದು ಅವರ ಜನಾಜಾದ ದಿನ.

ಅಮೆರಿಕದ ಕತೆಗೆ ಮರಳೋಣ. ಅಲ್ಲಿ ಈ ಸಹಾಯಕಿಯರನ್ನು ಶಿಕ್ಷಕಿಯರನ್ನಾಗಿ ಮಾಡಬೇಕೆಂಬ ಯೋಚನೆ ಹೊಸದೇನಲ್ಲ. 1965ರಲ್ಲಿ ಆರ್ಥರ್ ಪರ್ಲ್ ಮತ್ತು ಫ್ರಾಂಕ್ ರೀಸ್‌ಮನ್ ಎಂಬಿಬ್ಬರು ಒಂದು ಪುಸ್ತಕ ಬರೆದು, ಬಡವರನ್ನು ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ಕೆಳಗಿನ ಮೆಟ್ಟಿಲಲ್ಲಿ ಕೆಲಸಕ್ಕೆ ಸೇರಿಸಿಕೊಂಡು, ಕೆಲಸ ಮಾಡುತ್ತಲೇ ಓದಿಸಿ ಮೇಲಿನ ಮೆಟ್ಟಿಲಿಗೆ ಏರಿಸಬೇಕು ಎಂದು ವಾದಿಸಿದರು. ನ್ಯೂಯಾರ್ಕ್ ನಗರದಲ್ಲಿ ಇದು ಬರೀ ವಾದವಾಗಿ ಉಳಿಯಲಿಲ್ಲ. 1969ರಲ್ಲಿ ಅಲ್ಲಿನ ಸಹಾಯಕಿಯರು, ಹೆಚ್ಚಿನವರು ಕರಿಯ ಮತ್ತು ಪೋರ್ಟೊರಿಕೊ ಮೂಲದ ತಾಯಂದಿರು, ಶಿಕ್ಷಕರ ಸಂಘಕ್ಕೆ ಸೇರಲು ಮತ ಹಾಕಿದರು. ಅವರನ್ನು ಸಂಘಟಿಸಿದಾಕೆ ವೆಲ್ಮಾ ಹಿಲ್ ಎಂಬ ಕರಿಯ ಹೆಣ್ಣುಮಗಳು. 1970ರ ಒಪ್ಪಂದದಲ್ಲಿ ಸಂಬಳದ ಹೆಚ್ಚಳದ ಜೊತೆಗೆ ನಗರದ ವಿಶ್ವವಿದ್ಯಾಲಯದಲ್ಲಿ ಓದುವ ಅವಕಾಶವೂ ಬಂತು. ಸಾವಿರಾರು ಹೆಂಗಸರು ಕಾಲೇಜಿನ ಮೆಟ್ಟಿಲು ಹತ್ತಿದರು. ಅವರಲ್ಲಿ ಎಷ್ಟೋ ಮಂದಿ ಶಿಕ್ಷಕಿಯರಾಗಿ ಅದೇ ಕೇರಿಯ ಶಾಲೆಗಳಿಗೆ ಮರಳಿದರು.

ಆಮೇಲೆ? 1975ರಲ್ಲಿ ನಗರದ ಬೊಕ್ಕಸ ಬರಿದಾಯಿತು. ಕತ್ತರಿ ಮೊದಲು ಬಿದ್ದದ್ದು ಇಂಥವರ ಮೇಲೆಯೇ. ಮರುವರ್ಷ ಆ ವಿಶ್ವವಿದ್ಯಾಲಯದ ಉಚಿತ ಶಿಕ್ಷಣವೂ ನಿಂತಿತು. ಏಣಿ ಹತ್ತುತ್ತಿದ್ದವರ ಕಾಲ ಕೆಳಗಿನಿಂದ ಏಣಿಯನ್ನೇ ಎಳೆದುಕೊಳ್ಳುವ ಆಟ ಆ ದೇಶದಲ್ಲಿ ಮತ್ತೆ ಮತ್ತೆ ನಡೆದಿದೆ. ಈಗಲೂ ನಡೆದಿದೆ, ಅದನ್ನು ಮುಂದೆ ಹೇಳುತ್ತೇವೆ.

ಚಿಕಾಗೋದ ಲೋಗನ್ ಸ್ಕ್ವೇರ್ ಎಂಬ ಬಡಾವಣೆಯದು ಇನ್ನೊಂದು ಕತೆ. ಅಲ್ಲಿ ಸ್ಪ್ಯಾನಿಷ್ ಮಾತನಾಡುವ ತಾಯಂದಿರು ಶಾಲೆಗೆ ಬಂದು ಶಿಕ್ಷಕರಿಗೆ ನೆರವಾಗುವ ಪದ್ಧತಿಯನ್ನು ನೆರೆಹೊರೆಯವರ ಸಂಘವೊಂದು ಶುರು ಮಾಡಿತ್ತು. ಹೀಗೆ ಬಂದ ತಾಯಂದಿರೇ, ನಮಗೂ ಕಲಿಸಲು ಬರುತ್ತದೆ, ನಮ್ಮನ್ನು ಓದಿಸಿ ಎಂದರು. 2000ದ ಹೊತ್ತಿಗೆ ಅವರಿಗಾಗಿ ದ್ವಿಭಾಷಾ ಶಿಕ್ಷಕರ ಕೋರ್ಸು ಆರಂಭವಾಯಿತು. ಅದನ್ನು ನೋಡಿ 2004ರಲ್ಲಿ ಇಲಿನಾಯ್ ರಾಜ್ಯ ಒಂದು ಕಾನೂನನ್ನೇ ಮಾಡಿತು. ನಮ್ಮ ಶಿಕ್ಷಕರನ್ನು ನಾವೇ ಬೆಳೆಸಿಕೊಳ್ಳೋಣ ಎಂಬುದು ಅದರ ಹೆಸರಿನ ಅರ್ಥ. ಇದನ್ನು ಕೊಟ್ಟದ್ದು ಸರಕಾರವಲ್ಲ, ಕೇಳಿ ಪಡೆದವರು ತಾಯಂದಿರು. ನಮ್ಮ ಜಮಾಅತ್‌ಗಳ ಹಿರಿಯರು ಇದನ್ನು ಗಮನಿಸಬೇಕು.

ಹಾಗಾದರೆ ತೊಡಕು ಎಲ್ಲಿದೆ? ಸೊಮಾಲಿ ಹೆಣ್ಣುಮಗಳೊಬ್ಬಳನ್ನು ಕಣ್ಣ ಮುಂದೆ ತಂದುಕೊಳ್ಳಿ. 1991ರಲ್ಲಿ ಸೊಮಾಲಿಯಾದಲ್ಲಿ ಸರಕಾರ ಕುಸಿದು ಅಂತರ್ಯುದ್ಧ ಹೊತ್ತಿಕೊಂಡ ನಂತರ ನಿರಾಶ್ರಿತರಾಗಿ ಬಂದವರು ಮಿನೆಸೋಟಾದಲ್ಲಿ ಅಮೆರಿಕದ ಅತಿ ದೊಡ್ಡ ಸೊಮಾಲಿ ಸಮುದಾಯವಾಗಿ ನೆಲೆಸಿದ್ದಾರೆ. ಅಲ್ಲಿ ಶಾಲಾ ಸಹಾಯಕಿಯಾಗಿರುವ ಈಕೆಗೆ ಸೊಮಾಲಿ, ಅರಬ್ಬಿ, ಇಂಗ್ಲಿಷ್ ಮೂರೂ ಬರುತ್ತವೆ. ಮಗು ಅಳುವುದು ಹಸಿವಿಗೋ ಹೆದರಿಕೆಗೋ ಎಂದು ಗೊತ್ತಾಗುತ್ತದೆ. ರಮಜಾನಿನಲ್ಲಿ ಮಧ್ಯಾಹ್ನ ತೂಕಡಿಸುವ ಹುಡುಗನನ್ನು ಮೈಗಳ್ಳ ಎಂದು ಬರೆಯದಂತೆ ಮೇಡಂಗೆ ಹೇಳುವವಳು ಆಕೆಯೇ. ಮನೆಗೆ ಫೋನು ಮಾಡುವವಳು, ಕಾಗದ ತರ್ಜುಮೆ ಮಾಡುವವಳು, ತಂದೆತಾಯಿಯರ ಸಭೆಯಲ್ಲಿ ಎರಡೂ ಕಡೆಯ ಕೋಪವನ್ನು ಸೋಸಿ ದಾಟಿಸುವವಳು ಆಕೆಯೇ.

ಆದರೆ ಆಕೆ ಶಿಕ್ಷಕಿಯಲ್ಲ. ಇಡೀ ದೇಶದ ಲೆಕ್ಕ ತೆಗೆದರೆ ಸಹಾಯಕರ ನಡುಮಟ್ಟದ ವರಮಾನ ವರ್ಷಕ್ಕೆ ಸುಮಾರು 35 ಸಾವಿರ ಡಾಲರ್, ಪ್ರಾಥಮಿಕ ಶಾಲೆಯ ಶಿಕ್ಷಕರದು 60 ಸಾವಿರಕ್ಕೂ ಮೇಲೆ. ಮಿನಿಯಾಪೊಲಿಸ್‌ನಲ್ಲಿ 2022ರ ಮಾರ್ಚ್ 8ರಂದು ಶಿಕ್ಷಕರೂ ಸಹಾಯಕ ಸಿಬ್ಬಂದಿಯೂ ಒಟ್ಟಿಗೆ ಮುಷ್ಕರಕ್ಕೆ ಇಳಿದಾಗ ಇಟ್ಟ ಬೇಡಿಕೆಗಳಲ್ಲಿ ಮುಖ್ಯವಾದದ್ದು, ಸಹಾಯಕರ ಆರಂಭದ ಸಂಬಳವನ್ನು ವರ್ಷಕ್ಕೆ 35 ಸಾವಿರಕ್ಕೆ ಏರಿಸಬೇಕು ಎಂಬುದು. ಎಷ್ಟೋ ಮಂದಿಗೆ ಸಿಗುತ್ತಿದ್ದದ್ದು 24 ಸಾವಿರದ ಆಸುಪಾಸು. ಮೂರು ವಾರಗಳ ಹತ್ತಿರ ಮುಷ್ಕರ ನಡೆಯಿತು.

“ಲೈಸೆನ್ಸ್ ತೆಗೆದುಕೊಂಡರಾಯಿತಲ್ಲ!” ಎನ್ನುವುದು ಸುಲಭ. ಮೊದಲು ಪದವಿ ಬೇಕು. ಹುಟ್ಟಿದ ದೇಶದಲ್ಲಿ ಪದವಿ ಪಡೆದಿದ್ದರೆ ಅದನ್ನು ತೂಗಿ ನೋಡಿ ಸರ್ಟಿಫಿಕೇಟ್ ಕೊಡುವ ಸಂಸ್ಥೆಗೆ ಫೀ ಕಟ್ಟಬೇಕು. ಯುದ್ಧದಲ್ಲಿ ಸುಟ್ಟುಹೋದ ವಿಶ್ವವಿದ್ಯಾಲಯದಿಂದ ಅಂಕಪಟ್ಟಿ ತರಿಸುವುದು ಹೇಗೆ? ಹೊಸದಾಗಿ ಓದೋಣವೆಂದರೆ ಹಗಲೆಲ್ಲ ಕೆಲಸ, ತರಗತಿಗಳೂ ಹಗಲಿನಲ್ಲೇ. ಫೀಗೆ ಸಾಲ ಮಾಡಬೇಕು, ಸಾಲವೆಂದರೆ ಬಡ್ಡಿ. ಬಡ್ಡಿ ಹರಾಮ್ ಎಂದು ನಂಬಿದ ಹೆಣ್ಣುಮಗಳಿಗೆ ಆ ಬಾಗಿಲೂ ಮುಚ್ಚಿತು. ಇಷ್ಟೆಲ್ಲ ದಾಟಿ ಕೊನೆಯ ಸೆಮಿಸ್ಟರಿಗೆ ಬಂದರೆ ಅಲ್ಲಿ ಕಾದಿರುವುದು ಅಭ್ಯಾಸ ಬೋಧನೆ. ಹತ್ತು ಹನ್ನೆರಡು ವಾರ ದಿನವಿಡೀ ತರಗತಿಯಲ್ಲಿ ನಿಂತು ಪಾಠ ಮಾಡಬೇಕು, ಅದೂ ಹೆಚ್ಚಿನ ಕಡೆ ಸಂಬಳವಿಲ್ಲದೆ. ಹತ್ತು ವರ್ಷದಿಂದ ಅದೇ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿರುವ ಹೆಂಗಸು, ಕಲಿಸಲು ಬರುತ್ತದೆ ಎಂದು ತೋರಿಸುವುದಕ್ಕಾಗಿ, ಕಲಿಸುವ ಕೆಲಸದ ಸಂಬಳವನ್ನೂ ಎಷ್ಟೋ ಸಲ ಅದರ ಜೊತೆಗಿರುವ ಆರೋಗ್ಯ ವಿಮೆಯನ್ನೂ ಬಿಟ್ಟುಕೊಡಬೇಕು! ನಮ್ಮ ಕತೆಗಳಲ್ಲಿ ಇಂಥದ್ದನ್ನು ಬರೆದರೆ ಅತಿಶಯೋಕ್ತಿ ಎನ್ನುತ್ತೀರಿ.

ಪರೀಕ್ಷೆಗಳ ಮಾತು ಬೇರೆ. ನ್ಯೂಯಾರ್ಕಿನಲ್ಲಿ ಶಿಕ್ಷಕರಿಗೆ ಸಾಹಿತ್ಯ, ಕಲೆ, ವಿಜ್ಞಾನಗಳ ಸಾಮಾನ್ಯ ಜ್ಞಾನದ ಪರೀಕ್ಷೆಯೊಂದಿತ್ತು. ಕರಿಯರು ಮತ್ತು ಲ್ಯಾಟಿನೊ ಮೂಲದವರು ಅದರಲ್ಲಿ ಬಿಳಿಯರಿಗಿಂತ ಬಹಳ ಹೆಚ್ಚು ನಪಾಸಾಗುತ್ತಿದ್ದರು. ತರಗತಿಯಲ್ಲಿ ಚೆನ್ನಾಗಿ ಕಲಿಸುತ್ತಿದ್ದವರೇ ಕಾಯಂ ಹುದ್ದೆ ಕಳೆದುಕೊಂಡು ಬದಲಿ ಶಿಕ್ಷಕರಾಗಿ ಕೆಳಗಿಳಿದರು. 1996ರಲ್ಲಿ ಹೂಡಿದ ದಾವೆಯಲ್ಲಿ, ಆ ಪರೀಕ್ಷೆಗೂ ಕಲಿಸುವ ಸಾಮರ್ಥ್ಯಕ್ಕೂ ಸಂಬಂಧವಿದೆ ಎಂದು ತೋರಿಸಲಾಗಿಲ್ಲ, ಅದು ತಾರತಮ್ಯದ್ದು ಎಂದು ನ್ಯಾಯಾಧೀಶರು ತೀರ್ಮಾನಿಸಿದ್ದು 2012ರಲ್ಲಿ. ನಗರ ಕೊಡಬೇಕಾಗಿ ಬಂದ ಪರಿಹಾರ ನೂರು ಕೋಟಿ ಡಾಲರ್ ದಾಟಿತು. ಹದಿನಾರು ವರ್ಷ ಕಳೆದ ಮೇಲೆ ಸಿಕ್ಕ ನ್ಯಾಯ ಯಾರ ತರಗತಿಗೆ ಬೆಳಕಾಯಿತು?

ಲೈಸೆನ್ಸ್ ಸಿಕ್ಕಿದರೂ ತಲೆಯ ಮೇಲಿನ ಬಟ್ಟೆಯ ಪ್ರಶ್ನೆ ಉಳಿಯುತ್ತದೆ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಶಿಕ್ಷಕರು ಧಾರ್ಮಿಕ ಉಡುಪು ತೊಡಬಾರದೆಂಬ 1895ರ ಕಾಯ್ದೆಯೊಂದಿತ್ತು. ಹುಟ್ಟಿದ್ದು ಕ್ಯಾಥೊಲಿಕ್ ಸನ್ಯಾಸಿನಿಯರನ್ನು ಸರಕಾರಿ ಶಾಲೆಯಿಂದ ದೂರ ಇಡಲು, ಬಳಕೆಯಾದದ್ದು ಫಿಲಡೆಲ್ಫಿಯಾದ ಮುಸ್ಲಿಮ್ ಶಿಕ್ಷಕಿಯೊಬ್ಬರ ಮೇಲೆ. 1990ರಲ್ಲಿ ಮೇಲಿನ ಕೋರ್ಟು ಕಾಯ್ದೆಯ ಪರವಾಗಿಯೇ ನಿಂತಿತು. ಅದು ರದ್ದಾದದ್ದು 2023ರ ನವೆಂಬರಿನಲ್ಲಿ. ಅಮೆರಿಕವನ್ನು ಜನ್ನತ್ ಎಂದು ವರ್ಣಿಸುವವರೂ ಜಹನ್ನಮ್ ಎಂದು ಬಯ್ಯುವವರೂ ಈ ಎರಡು ಇಸವಿಗಳನ್ನು ಒಟ್ಟಿಗೆ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಎದುರುವಾದಕ್ಕೆ ಬರೋಣ. ಸಹಾಯಕಿಯರಿಗೆ ದಾರಿ ಸಲೀಸು ಮಾಡಿದರೆ ಶಿಕ್ಷಣದ ಗುಣಮಟ್ಟ ಕುಸಿಯುತ್ತದೆ, ಎರಡು ಭಾಷೆ ಬಂದ ಮಾತ್ರಕ್ಕೆ ಕಲಿಸಲು ಬಂದಂತಾಯಿತೆ ಎಂದು ಕೇಳುವವರಿದ್ದಾರೆ. ಪ್ರಶ್ನೆಯ ಎರಡನೆಯ ಅರ್ಧ ನ್ಯಾಯವಾದದ್ದು. ಎರಡು ಭಾಷೆ ಬಂದವರೆಲ್ಲ ಶಿಕ್ಷಕರಲ್ಲ. ಪ್ರೀತಿಯಿಂದ ಮಗುವಿನ ಕಿವಿಯಲ್ಲಿ ಉತ್ತರವನ್ನೇ ಹೇಳಿಬಿಡುವ ಸಹಾಯಕಿಯರೂ ಇದ್ದಾರೆ. ನಮ್ಮ ಆಪಾ ಕೂಡ ಒಮ್ಮೊಮ್ಮೆ ಹಾಗೆ ಮಾಡುತ್ತಿದ್ದರು. ಅಕ್ಷರ ಕೂಡಿಸಿ ಓದಲು ಕಲಿಸುವುದು ಒಂದು ವಿದ್ಯೆ, ಅದಕ್ಕೆ ತರಬೇತಿ ಬೇಕು. ಆದರೆ ಸ್ವಾಮಿ, ಅದಕ್ಕೇ ಅಲ್ಲವೆ ನಾವು ಓದಿಸಿ ಎನ್ನುತ್ತಿರುವುದು? ಯಾರೂ ಇಲ್ಲಿ ಲೈಸೆನ್ಸನ್ನು ಖೈರಾತಿನ ಹಾಗೆ ಹಂಚಿ ಎಂದು ಕೇಳುತ್ತಿಲ್ಲ. ಸಂಜೆಯ ತರಗತಿ ಕೊಡಿ, ಫೀ ಕಟ್ಟಿ, ಅಭ್ಯಾಸ ಬೋಧನೆಯ ತಿಂಗಳುಗಳಲ್ಲಿ ಸಂಬಳ ನಿಲ್ಲಿಸಬೇಡಿ, ತರಗತಿಯಲ್ಲಿ ಕಳೆದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳುತ್ತಿರುವುದು.

ಈಗಿರುವ ವ್ಯವಸ್ಥೆಯಲ್ಲಿ ಗುಣಮಟ್ಟ ಎಲ್ಲಿದೆ ಎಂದೂ ನೋಡಬೇಕಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಕಷ್ಟದಲ್ಲಿರುವ ಮಗು ಯಾವುದೋ, ಆ ಮಗುವನ್ನೇ ಎಲ್ಲರಿಗಿಂತ ಕಡಿಮೆ ತರಬೇತಿ ಕೊಟ್ಟ, ಕಡಿಮೆ ಸಂಬಳ ಕೊಟ್ಟ ವ್ಯಕ್ತಿಯ ಕೈಗೆ ಒಪ್ಪಿಸಿ ಲೈಸೆನ್ಸಿನವರು ಮುಂದಿನ ಬೆಂಚುಗಳ ಕಡೆ ತಿರುಗುತ್ತಾರೆ. ಸಹಾಯಕಿ ಇದ್ದಾಳೆ ಎಂಬ ನೆಪದಲ್ಲೇ ವರ್ಷಗಟ್ಟಲೆ ಆ ಮಗುವಿನ ಜೊತೆ ಒಂದು ಪೂರ್ಣ ವಾಕ್ಯ ಮಾತಾಡದ ಮೇಡಂಗಳಿರಬಹುದು. ಕುಸಿಯಲು ಇನ್ನೇನು ಉಳಿದಿದೆ?

ಮಾಡಿದರೆ ಆಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಟೆನೆಸ್ಸಿ ರಾಜ್ಯ 2022ರಲ್ಲಿ ಶಿಕ್ಷಕ ವೃತ್ತಿಯನ್ನೂ ಬಡಗಿ, ಎಲೆಕ್ಟ್ರಿಷಿಯನ್ ಕೆಲಸಗಳ ಹಾಗೆ ಸಂಬಳದ ಅಪ್ರೆಂಟಿಸ್ ಪದ್ಧತಿಗೆ ತಂದಿತು. ಶಾಲೆಯ ಸಹಾಯಕರು ದುಡಿಯುತ್ತಲೇ ಓದಿ ಪದವಿ, ಲೈಸೆನ್ಸ್ ಎರಡನ್ನೂ ಪಡೆಯಬಹುದು. ಅದರ ಬೆನ್ನಿಗೇ ಬೇರೆ ರಾಜ್ಯಗಳೂ ಬಂದವು. ಇದಕ್ಕೆ ಹಿಂದೆ 1989ರಲ್ಲಿ ಖಾಸಗಿ ನಿಧಿಯೊಂದರ ಹಣದಿಂದ ಸಹಾಯಕರು ಮುಂತಾದವರನ್ನು ಶಿಕ್ಷಕರನ್ನಾಗಿಸುವ ದೊಡ್ಡ ಕಾರ್ಯಕ್ರಮವೇ ನಡೆದಿತ್ತು. ಅದನ್ನು ಪರಿಶೀಲಿಸಿದವರು ಕಂಡದ್ದು, ಹೀಗೆ ಬಂದವರು ಉಳಿದ ಹೊಸ ಶಿಕ್ಷಕರಿಗಿಂತ ಹೆಚ್ಚು ಕಾಲ ಶಾಲೆಯಲ್ಲಿ ನಿಲ್ಲುತ್ತಾರೆ ಎಂಬುದನ್ನು. ಸಹಾಯಕಿಯ ಮನೆ ಶಾಲೆಯ ಹಿಂದಿನ ಬೀದಿಯಲ್ಲೇ ಇರುವಾಗ ಆಕೆ ಎಲ್ಲಿಗೆ ಹೋಗುತ್ತಾಳೆ?

ಇಷ್ಟು ಬರೆಯುವಷ್ಟರಲ್ಲಿ ಏಣಿ ಎಳೆದುಕೊಳ್ಳುವ ಆಟ ಮತ್ತೆ ಶುರುವಾಗಿದೆ. 2025ರ ಫೆಬ್ರವರಿಯಲ್ಲಿ ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆ ಶಿಕ್ಷಕರ ತರಬೇತಿಗೆ ಕೊಟ್ಟಿದ್ದ 60 ಕೋಟಿ ಡಾಲರುಗಳ ಅನುದಾನವನ್ನು ರದ್ದು ಮಾಡಿತು. ಎಂಟು ರಾಜ್ಯಗಳು ಕೋರ್ಟಿಗೆ ಹೋದವು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹಣ ತಡೆಹಿಡಿಯಲು ಸರಕಾರಕ್ಕೆ ಸಮ್ಮತಿಸಿತು. ಆ ನಡುವೆ ಮಾರ್ಚ್ 1ರಂದು ಅಧ್ಯಕ್ಷರ ಆದೇಶದ ಮೂಲಕ ಇಂಗ್ಲಿಷ್ ಆ ದೇಶದ ಅಧಿಕೃತ ಭಾಷೆಯಾಯಿತು. ಅದೇ ತಿಂಗಳು ಇಂಗ್ಲಿಷ್ ಕಲಿಯುವ ಮಕ್ಕಳ ವಿಷಯ ನೋಡಿಕೊಳ್ಳುತ್ತಿದ್ದ ಕೇಂದ್ರ ಕಚೇರಿಯ ಬಹುತೇಕ ಎಲ್ಲ ನೌಕರರನ್ನು ಮನೆಗೆ ಕಳಿಸಲಾಯಿತು. ಇಂಗ್ಲಿಷನ್ನು ಅಷ್ಟೊಂದು ಪ್ರೀತಿಸುವವರು ಇಂಗ್ಲಿಷ್ ಕಲಿಸುವವರ ಹೊಟ್ಟೆಯ ಮೇಲೆ ಹೊಡೆದರು. ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ ದ್ವಿಭಾಷಾ ಶಿಕ್ಷಣವನ್ನು ಹೆಚ್ಚುಕಡಿಮೆ ನಿಷೇಧಿಸಿ, ತಪ್ಪಾಯಿತೆಂದು ತಿಳಿದು 2016ರಲ್ಲಿ ಮುಕ್ಕಾಲುಪಾಲು ಮತಗಳಿಂದ ನಿಷೇಧ ಕಿತ್ತುಹಾಕಿದ್ದರು. ನಡುವಿನ ಹದಿನೆಂಟು ವರ್ಷಗಳಲ್ಲಿ ದ್ವಿಭಾಷಾ ಶಿಕ್ಷಕರಾಗಬೇಕಾಗಿದ್ದ ಒಂದು ತಲೆಮಾರೇ ಬೇರೆ ಕೆಲಸ ಹುಡುಕಿಕೊಂಡಿತು. ನಿಷೇಧವನ್ನು ಒಂದು ದಿನದ ಮತದಿಂದ ತೆಗೆಯಬಹುದು, ಶಿಕ್ಷಕಿಯನ್ನು ಒಂದು ದಿನದಲ್ಲಿ ತಯಾರಿಸಲಾಗದು.

ಕ್ಯಾಲಿಫೋರ್ನಿಯಾದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಮನೆಯಲ್ಲಿ ಆಡುವ ಭಾಷೆ ಯಾವುದು ಎಂದು ಫಾರಂ ಭರ್ತಿ ಮಾಡಿಸುತ್ತಾರೆ. ಬೇರೆ ಭಾಷೆ ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇಡುತ್ತಾರೆ. ನಮಗೆ ಪರಿಚಯವಿರುವ ಕನ್ನಡದ ಕುಟುಂಬವೊಂದು ಮನೆಯಲ್ಲಿ ಅಚ್ಚಗನ್ನಡ ಆಡಿಕೊಂಡು ಫಾರಮ್ಮಿನಲ್ಲಿ ‘ಇಂಗ್ಲಿಷ್’ ಎಂದು ಬರೆಯಿತು. ಹಿಂದಿನ ಸಾಲಿಗೆ ಹೋಗುವ ಅವಮಾನ ಬೇಡವೆಂದು. ಅವರನ್ನು ದೂರುವ ಧೈರ್ಯ ನಮಗಿಲ್ಲ. ನಮ್ಮ ಮೊಹಲ್ಲಾದಲ್ಲೇ ಮನೆಮಾತು ಉರ್ದುವೆಂದು ಬರೆಸಲು ಅಂಜುವ ತಂದೆಯರನ್ನು ಕಂಡಿದ್ದೇವೆ.

ಹಾಗೆ ನೋಡಿದರೆ ಆ ವೇದಿಕೆಯ ಭಾಷಣಕಾರರಿಗೆ ನಾವು ಋಣಿಗಳು, ಅಮೆರಿಕದ ನೆಪದಲ್ಲಿ ನಮ್ಮ ಮನೆಯ ಮಾತು ಬಂತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಉರ್ದು ಮಾತೃಭಾಷೆಯೆಂದು ಬರೆಸಿದವರು ಶೇಕಡಾ 10.83. ಬ್ಯಾರಿ, ನವಾಯತಿ ಮಕ್ಕಳ ಲೆಕ್ಕ ಬೇರೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಇರಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದ ಮಟ್ಟಿಗೆ ಅದನ್ನೇ ಹೇಳುತ್ತದೆ. ಇವತ್ತು ಉರ್ದು ಮನೆಯ ಎಷ್ಟೋ ಮಕ್ಕಳು ಕನ್ನಡ ಅಥವಾ ಇಂಗ್ಲಿಷ್ ತರಗತಿಯಲ್ಲಿ ಕೂತಿದ್ದಾರೆ. ಕೂರಲಿ, ಕನ್ನಡ ಕಲಿಯಲೇಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಪ್ರಶ್ನೆ ಇರುವುದು ದಾಟಿಸುವವರು ಯಾರು ಎಂಬುದರಲ್ಲಿ.

ದಾಟಿಸುತ್ತಿರುವವರು ಅತಿಥಿ ಶಿಕ್ಷಕಿಯರು. ಎಂಥ ಅತಿಥಿ ಸತ್ಕಾರ ನೋಡಿ! ಜೂನ್‌ನಲ್ಲಿ ಬಾ, ಏಪ್ರಿಲ್‌ಗೆ ಹೋಗು, ತಿಂಗಳಿಗೆ ಹತ್ತು ಹನ್ನೆರಡು ಸಾವಿರ ತೆಗೆದುಕೋ, ಅದೂ ಬಂದಾಗ. ಖಾಸಗಿ ಸಂಸ್ಥೆಗಳಲ್ಲಿ ಇನ್ನೂ ಕಡಿಮೆ. 2010ರಿಂದ ಟಿಇಟಿ ಪಾಸಾಗುವುದು ಕಡ್ಡಾಯ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಹಾಲಿ ಶಿಕ್ಷಕರೂ ಅದನ್ನು ಪಾಸಾಗಬೇಕೆಂದು ಹೇಳಿತು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿತು. ಕೂಡಲೇ ನಮ್ಮ ಸಂಸ್ಥೆಗಳ ಮುಖಂಡರಲ್ಲಿ ಕೆಲವರು ವಕೀಲರನ್ನು ಹುಡುಕಿದರು. ವಿನಾಯಿತಿ ಕೇಳುವುದು ಅವರ ಹಕ್ಕು, ಕೇಳಲಿ. ಆದರೆ ವಕೀಲರ ಫೀಸಿನಲ್ಲಿ ಹತ್ತರಲ್ಲೊಂದು ಪಾಲನ್ನು ಶಿಕ್ಷಕಿಯರ ಪರೀಕ್ಷೆ ತಯಾರಿಗೆ ಖರ್ಚು ಮಾಡಿದವರು ಎಷ್ಟು ಮಂದಿ?

ಸಮಾರಂಭ ಮುಗಿದು ಚಹಾ ಕುಡಿಯುವಾಗ ಆ ಪದಾಧಿಕಾರಿಗಳನ್ನು ಕೇಳಿದೆವು: “ಭಾಯಿಸಾಬ್, ನಿಮ್ಮ ನರ್ಸರಿಯಲ್ಲಿ, ಒಂದನೆಯ ತರಗತಿಯಲ್ಲಿ ಉರ್ದು ಮಕ್ಕಳಿಗೆ ಪಾಠ ಅರ್ಥವಾಗುವುದು ಹೇಗೆ?”

“ಅದಕ್ಕೆ ಹೆಲ್ಪರ್‌ಗಳಿದ್ದಾರೆ. ಉರ್ದುನಲ್ಲಿ ಹೇಳಿಕೊಡುತ್ತಾರೆ.”

“ಅವರು ಟೀಚರ್ ಅಲ್ಲವೆ?”

“ಛೆ, ಟೀಚರ್ ಎಲ್ಲಿ! ಮಕ್ಕಳಿಗೆ ಭಾಷೆ ಬರೋವರೆಗೆ ಅಷ್ಟೆ.”

“ಎಷ್ಟು ವರ್ಷದಿಂದ ಇದ್ದಾರೆ?”

ಅವರು ಯೋಚಿಸಿ, “ಒಬ್ಬಾಕೆ ಹನ್ನೊಂದು ವರ್ಷದಿಂದ ಇದ್ದಾಳೆ” ಎಂದರು. ಡಿಗ್ರಿಯೂ ಆಗಿದೆಯಂತೆ.

ಸರಕಾರವನ್ನು ಬಯ್ಯುವುದು ಸುಲಭ, ನಾವೂ ಮೇಲೆ ಬಯ್ದಿದ್ದೇವೆ. ಆದರೆ ಇದು ಸರಕಾರದ ಶಾಲೆಯಲ್ಲ, ನಮ್ಮದು. ರಮಜಾನಿನಲ್ಲಿ ಒಂದೊಂದು ಊರಿನಲ್ಲೂ ಜಕಾತಿನ ಹಣದಿಂದ ಅಕ್ಕಿ, ಎಣ್ಣೆ, ಖರ್ಜೂರದ ಕಿಟ್‌ಗಳು ಹಂಚಿಕೆಯಾಗುತ್ತವೆ. ಹಂಚಬೇಡಿ ಎನ್ನುತ್ತಿಲ್ಲ. ಜಕಾತಿಗೆ ಹಕ್ಕುದಾರಳಾದ ವಿಧವೆಯೊಬ್ಬಳಿಗೆ ಡಿ.ಎಡ್. ಅಥವಾ ಬಿ.ಎಡ್. ಫೀಯನ್ನೂ ಅಭ್ಯಾಸ ಬೋಧನೆಯ ತಿಂಗಳುಗಳ ಮನೆಖರ್ಚನ್ನೂ ಕೊಟ್ಟರೆ ಮರುವರ್ಷದಿಂದ ಆಕೆಗೆ ಕಿಟ್ ಬೇಕಾಗುವುದಿಲ್ಲ. ಆಲಿಮರಲ್ಲಿ ಕೇಳಿ, ಯಾರಾದರೂ ಬೇಡ ಎನ್ನುತ್ತಾರೆಯೇ ನೋಡೋಣ. ಬೀದರಿನಲ್ಲಿ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದ ಶಿಕ್ಷಕರ ತರಬೇತಿ ಕಾಲೇಜು ಇದೆ. 2021ರಲ್ಲಾದ ಬದಲಾವಣೆಯಿಂದ ಟಿಇಟಿ ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. ಶಾದಿಮಹಲ್‌ಗಳು ಮದುವೆಯಿಲ್ಲದ ದಿನ ಸಂಜೆ ಖಾಲಿ ಬಿದ್ದಿರುತ್ತವೆ. ಅಲ್ಲಿ ಎರಡು ಟ್ಯೂಬ್‌ಲೈಟು, ಒಂದು ಬೋರ್ಡು, ನಿವೃತ್ತ ಕನ್ನಡ ಮೇಷ್ಟರೊಬ್ಬರು, ಗಣಿತದವರೊಬ್ಬರು ಇದ್ದರೆ ತರಬೇತಿ ನಡೆಯುತ್ತದೆ. ಜಾತಿಮತ ನೋಡದೆ ಕರೆದರೆ ಬರುವ ಮೇಷ್ಟರುಗಳು ನಮ್ಮ ಊರಿನಲ್ಲಂತೂ ಇದ್ದಾರೆ. ನಮ್ಮನ್ನು ದಡ್ಡರ ಬೆಂಚಿಗೆ ಕಳಿಸಿದ್ದ ಮೇಷ್ಟರೇ ಮೊನ್ನೆ ಸಿಕ್ಕಾಗ, “ನಾನು ಬರ್ತೀನಯ್ಯಾ, ವ್ಯವಕಲನ ನೀನು ಹೇಳಿಕೊಡು” ಎಂದು ನಕ್ಕರು.

ಇನ್ನು ಹೆಸರುಗಳ ಪಟ್ಟಿ. ನಮ್ಮ ಒಂದು ಊರಿನಲ್ಲಿಯೇ, ನಮಗೆ ಮುಖ ಪರಿಚಯ ಇರುವವರೇ ಏಳು ಮಂದಿ ಇದ್ದಾರೆ. ಮೂವರು ಅತಿಥಿ ಶಿಕ್ಷಕಿಯರು, ನಾಲ್ವರು ಹೆಲ್ಪರ್‌ಗಳು. ಇಬ್ಬರದು ಡಿ.ಎಡ್. ಮುಗಿದಿದೆ. ಒಬ್ಬರು ಪದವಿಯ ಕೊನೆಯ ವರ್ಷ ಫೀ ಕಟ್ಟಲಾಗದೆ ಬಿಟ್ಟಿದ್ದಾರೆ. ಮತ್ತೊಬ್ಬರಿಗೆ ಟಿಇಟಿಯಲ್ಲಿ ಮೂರು ಅಂಕ ಕಡಿಮೆ ಬಿದ್ದಿದೆ, ಇನ್ನೊಮ್ಮೆ ಬರೆಯಲು ಮನೆಯವರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.